ಬಿತ್ತನೆಯ ಕಾಳು: ಕೇಟೆ ಕೋಲ್ವಿಟ್ಸ್ ಅವರ ಬದುಕು ಮತ್ತು ಅಚ್ಚುಚಿತ್ರಗಳು

ಯುದ್ಧದ ಚಿತ್ರವೆಂದೊಡನೆ ಕುದುರೆ, ಕತ್ತಿ, ಧ್ವಜ, ಹೊಗೆ, ನೆಲಕ್ಕುರುಳಿದ ವೈರಿ ಇವೇ ಕಣ್ಣ ಮುಂದೆ ಬರುತ್ತವೆ. 1923ರಲ್ಲಿ ಜರ್ಮನಿಯಲ್ಲಿ ಪ್ರಕಟವಾದ ‘ಯುದ್ಧ’ ಎಂಬ ಏಳು ಮರದಚ್ಚಿನ ಚಿತ್ರಗಳ ಮಾಲೆಯಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಹಸುಗೂಸನ್ನು ಮೇಲೆತ್ತಿ ಹಿಡಿದ ತಾಯಿ, ಒಬ್ಬರನ್ನೊಬ್ಬರು ತಬ್ಬಿ ಕುಸಿದ ದಂಪತಿ, ಬಸುರಿ ವಿಧವೆ, ಮಕ್ಕಳನ್ನು ನಡುವೆ ಅಡಗಿಸಿಕೊಂಡು ನಿಂತ ಹೆಂಗಸರು ಅಲ್ಲಿದ್ದಾರೆ. ರಣಭೂಮಿಯಿಂದ ದೂರದ ಮನೆಗಳಲ್ಲಿ ಯುದ್ಧವು ಏನು ಮಾಡಿತೆಂಬುದೇ ಆ ಮಾಲೆಯ ವಸ್ತು. ಅದನ್ನು ಕೊರೆದ ಕೇಟೆ ಕೋಲ್ವಿಟ್ಸ್ ಸ್ವತಃ ಅಂಥ ಮನೆಯೊಂದರ ತಾಯಿ. ಇನ್ನೂ ಕಠಿಣವಾದ ಮಾತೆಂದರೆ, ಮಗನು ರಣರಂಗಕ್ಕೆ ಹೋಗಲು ಒಪ್ಪಿಗೆ ದೊರಕಿಸಿಕೊಟ್ಟವರೂ ಅವರೇ.

ಯುದ್ಧದಲ್ಲಿ ನಿರಾಯುಧ ಜನರು ಪಡುವ ಪಾಡನ್ನು ಅಚ್ಚುಚಿತ್ರದಲ್ಲಿ ತೋರಿಸುವ ಪರಂಪರೆ ಯುರೋಪಿನಲ್ಲಿ ಅವರಿಗಿಂತ ಹಳೆಯದು. ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ, 1633ರಲ್ಲಿ, ಲೊರೇನ್ ಪ್ರಾಂತದ ಜಾಕ್ ಕಾಲೋ 18 ಕಿರುಚಿತ್ರಗಳ ಮಾಲೆಯೊಂದನ್ನು ಹೊರತಂದನು. ಸೈನಿಕರು ಒಕ್ಕಲಮನೆಯನ್ನು ಸೂರೆಗೊಳ್ಳುವುದನ್ನೂ ಹಳ್ಳಿಗೆ ಬೆಂಕಿಯಿಡುವುದನ್ನೂ ಅದರಲ್ಲಿ ತೋರಿಸಿದನು. ನೆಪೋಲಿಯನ್ನನ ದಂಡು ಸ್ಪೇನನ್ನು ಹೊಕ್ಕಾಗ ಗೋಯಾ ‘ಯುದ್ಧದ ಅನಾಹುತಗಳು’ ಎಂಬ ಮಾಲೆಯನ್ನು ಕೊರೆದನು. ಅದರ 80 ಚಿತ್ರಗಳು ಬೆಳಕು ಕಂಡದ್ದು ಅವನು ತೀರಿಕೊಂಡು 35 ವರ್ಷಗಳಾದ ಮೇಲೆ, 1863ರಲ್ಲಿ. ಕನ್ನಡನಾಡು ಅಂಥ ಚಿತ್ರಕಾರನನ್ನು ಕಾಣಲಿಲ್ಲ. ಮೈಸೂರು ಯುದ್ಧಗಳನ್ನು ಕುರಿತು ಲಂಡನ್ನಿನಲ್ಲಿ ಅಚ್ಚಾದ ಚಿತ್ರಗಳಲ್ಲಿ ಬೆಟ್ಟದ ಕೋಟೆಗಳಿವೆ, ಸೇನಾಧಿಪತಿಗಳಿದ್ದಾರೆ, ಒತ್ತೆಯಾಳುಗಳಾಗಿ ಒಪ್ಪಿಸಲ್ಪಟ್ಟ ಟಿಪ್ಪುವಿನ ಇಬ್ಬರು ಮಕ್ಕಳಿದ್ದಾರೆ. ದಂಡು ಹಾದುಹೋದ ದಾರಿಯ ರೈತರು ಅವುಗಳಲ್ಲಿ ಕಾಣಸಿಗುವುದು ವಿರಳ. ಕಾಲೋ ಮತ್ತು ಗೋಯಾ ಕಂಡದ್ದನ್ನು ತೋರಿಸಿದರು. ಕೇಟೆಯವರಾದರೋ ತಾವು ಅನುಭವಿಸಿದ್ದನ್ನು ತೋರಿಸಬೇಕಾಯಿತು.

ಅವರು ಹುಟ್ಟಿದ್ದು 1867ರ ಜುಲೈ 8ರಂದು, ಪೂರ್ವ ಪ್ರಷ್ಯಾದ ಕೋನಿಗ್ಸ್‌ಬರ್ಗ್ ನಗರದಲ್ಲಿ. ಆ ಊರು ಈಗ ಕಲಿನಿನ್‌ಗ್ರಾಡ್ ಎಂಬ ಹೆಸರಿನಿಂದ ರಷ್ಯಾಕ್ಕೆ ಸೇರಿದೆ. ತಾಯಿಯ ತಂದೆ ಯೂಲಿಯಸ್ ರುಪ್ ಧರ್ಮಗುರುವಾಗಿದ್ದು, ಪ್ರಭುತ್ವದ ಚರ್ಚಿನಿಂದ ಹೊರಹಾಕಲ್ಪಟ್ಟ ಮೇಲೆ ಸ್ವತಂತ್ರ ಧಾರ್ಮಿಕ ಸಂಘವೊಂದನ್ನು ಕಟ್ಟಿದವರು. ತಂದೆ ಕಾರ್ಲ್ ಶ್ಮಿಟ್ ಕಾನೂನು ಓದಿದ್ದರೂ ತಮ್ಮ ವಿಚಾರಗಳಿಗೆ ಸರ್ಕಾರಿ ಸೇವೆ ಒಗ್ಗದೆಂದು ತಿಳಿದು ಗಾರೆಕೆಲಸ ಕಲಿತು ಮನೆ ಕಟ್ಟುವ ಉದ್ಯೋಗ ಹಿಡಿದರು. ಆ ಮನೆಯಲ್ಲಿ ಮಕ್ಕಳ ಸಾವೂ ಅಪರಿಚಿತವಾಗಿರಲಿಲ್ಲ. ಕೇಟೆಯವರ ತಾಯಿ ಮೊದಲೆರಡು ಕೂಸುಗಳನ್ನು ಕಳೆದುಕೊಂಡಿದ್ದರು. ಕಿರಿಯ ಮಗ ಬೆಂಜಮಿನ್ ಕೂಡ ಶೈಶವದಲ್ಲೇ ತೀರಿಕೊಂಡನು. ಕಣ್ಣೀರು ಹೊರಗೆಡಹದೆ ದುಃಖವನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತಿದ್ದ ತಾಯಿಯ ಮುಖ ಹುಡುಗಿಯ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು.

ಮಗಳ ಕೈಯಲ್ಲಿ ಕಲೆಯಿದೆಯೆಂದು ಮೊದಲು ಗುರುತಿಸಿದವರು ತಂದೆ. ಅಂದಿನ ಕಲಾ ಅಕಾಡೆಮಿಗಳು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿರಲಿಲ್ಲ. ಆದ್ದರಿಂದ ಊರಿನ ತಾಮ್ರಪಟ ಕೊರೆಯುವ ಕುಶಲಕರ್ಮಿಯ ಬಳಿ ಮೊದಲ ಪಾಠ, ಆ ಮೇಲೆ ಬರ್ಲಿನ್ ಮತ್ತು ಮ್ಯೂನಿಕ್ ನಗರಗಳ ಮಹಿಳಾ ಕಲಾಶಾಲೆಗಳಲ್ಲಿ ಕಲಿಕೆ ನಡೆಯಿತು. ಬರ್ಲಿನ್ನಿನ ಗುರು ಕಾರ್ಲ್ ಸ್ಟೌಫರ್-ಬರ್ನ್ ಅವರು ಮ್ಯಾಕ್ಸ್ ಕ್ಲಿಂಗರನ ಅಚ್ಚುಚಿತ್ರಗಳನ್ನು ಪರಿಚಯಿಸಿದರು. ಬದುಕಿನ ಕತ್ತಲ ಮಗ್ಗುಲನ್ನು ಹೇಳಲು ಬಣ್ಣಕ್ಕಿಂತ ಕಪ್ಪು–ಬಿಳಿ ರೇಖೆಯೇ ತಕ್ಕ ಮಾಧ್ಯಮವೆಂಬ ಕ್ಲಿಂಗರನ ವಿಚಾರ ಕೇಟೆಯವರ ದಾರಿಯನ್ನು ನಿರ್ಧರಿಸಿತು. ವರ್ಣಚಿತ್ರದ ಆಸೆ ಹಿಂದೆ ಸರಿಯಿತು.

1891ರಲ್ಲಿ ಅವರು ವೈದ್ಯರಾದ ಕಾರ್ಲ್ ಕೋಲ್ವಿಟ್ಸ್ ಅವರನ್ನು ಮದುವೆಯಾಗಿ ಬರ್ಲಿನ್ನಿನ ಉತ್ತರ ಭಾಗದ ಕಾರ್ಮಿಕರ ಕೇರಿಗೆ ಬಂದರು. ವೈಸೆನ್‌ಬುರ್ಗರ್ ಬೀದಿಯ ಆ ಮನೆಯಲ್ಲಿ ಅರ್ಧ ಶತಮಾನ ಕಳೆಯಿತು. ಕಾರ್ಲ್ ಅವರು ಕಾರ್ಮಿಕರ ಆರೋಗ್ಯ ನಿಧಿಯ ವೈದ್ಯರು. ಚಿಕಿತ್ಸೆಗೆಂದು ಬಂದ ಹೆಂಗಸರು ಕೇಟೆಯವರ ಬಳಿಯೂ ಕುಳಿತು ಮನದ ಭಾರ ಇಳಿಸುತ್ತಿದ್ದರು. ಕುಡಿತ, ನಿರುದ್ಯೋಗ, ಮಕ್ಕಳ ಕಾಯಿಲೆ, ಬಾಡಿಗೆಯ ಚಿಂತೆ ಎಲ್ಲವೂ ಆ ಮಾತುಗಳಲ್ಲಿ ಇರುತ್ತಿದ್ದವು. ದುಡಿಯುವ ಜನರ ಮೈಕಟ್ಟಿನಲ್ಲಿ ಮೊದಲು ಚೆಲುವನ್ನಷ್ಟೇ ಕಂಡಿದ್ದ ಕಲಾವಿದೆಗೆ ಈಗ ಅವರ ಬಾಳಿನ ಒಳಗು ತಿಳಿಯತೊಡಗಿತು. 1892ರಲ್ಲಿ ಹಾನ್ಸ್, 1896ರಲ್ಲಿ ಪೀಟರ್ ಎಂಬ ಗಂಡುಮಕ್ಕಳು ಹುಟ್ಟಿದರು.

1893ರಲ್ಲಿ ಗೆರ್ಹಾರ್ಟ್ ಹಾಪ್ಟ್‌ಮನ್ನರ ‘ನೇಕಾರರು’ ನಾಟಕವನ್ನು ಕಂಡ ಕೇಟೆ, ಸಿಲೇಸಿಯಾದ ನೇಕಾರರ ದಂಗೆಯನ್ನು ಕುರಿತು ಆರು ಚಿತ್ರಗಳ ಮಾಲೆಯನ್ನು ಕೈಗೆತ್ತಿಕೊಂಡರು. ಮುಗಿಯುವಷ್ಟರಲ್ಲಿ ನಾಲ್ಕು ವರ್ಷಗಳು ಉರುಳಿದವು. ಅವುಗಳಲ್ಲಿ ಮೂರು ಎಚ್ಚಿಂಗ್ ವಿಧಾನದವು: ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಿ, ಕೊರೆದ ಗೆರೆಗಳಲ್ಲಿ ಶಾಯಿ ತುಂಬಿ ಒದ್ದೆಯ ಕಾಗದಕ್ಕೆ ಒತ್ತುವ ಕ್ರಮ. ಉಳಿದ ಮೂರು ಶಿಲಾಮುದ್ರಣಗಳು: ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ಕಲ್ಲನ್ನು ತೋಯಿಸಿ, ಜಿಡ್ಡಿದ್ದೆಡೆ ಮಾತ್ರ ಶಾಯಿ ಹಿಡಿಯುವಂತೆ ಮಾಡುವ ಕ್ರಮ. ಇದೇ ಶಿಲಾಮುದ್ರಣವನ್ನು ಬಹುವರ್ಣಗಳಲ್ಲಿ ಬಳಸಿ ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದರು; ಅಲ್ಲಿ ಅಚ್ಚಾದ ಲಕ್ಷ್ಮೀ–ಸರಸ್ವತಿಯರು ಮರಾಠಿ ಮತ್ತು ಕನ್ನಡ ಮನೆಗಳ ಗೋಡೆಗಳನ್ನು ಸೇರಿದರು. ಒಂದೇ ಬಗೆಯ ಕಲ್ಲು, ಅದೇ ದಶಕದಲ್ಲಿ, ಇಲ್ಲಿ ದೇವತೆಗಳನ್ನು ಮನೆಮನೆಗೆ ತಲುಪಿಸಿತು. ಅಲ್ಲಿ ಹಸಿದ ನೇಕಾರಳನ್ನು ತಲುಪಿಸಿತು. ಒಂದೇ ಮೂಲದಿಂದ ಹಲವು ಪ್ರತಿ, ಬಡವರಿಗೂ ಎಟುಕುವ ಬೆಲೆ ಎಂಬುದು ಅಚ್ಚುಚಿತ್ರದ ಬಲ. ಕೇಟೆಯವರು ಜೀವಮಾನವಿಡೀ ಅದಕ್ಕೆ ನಿಷ್ಠರಾಗಿ ಉಳಿದರು.

1898ರ ಬರ್ಲಿನ್ ಪ್ರದರ್ಶನದಲ್ಲಿ ಈ ಮಾಲೆಗೆ ಪದಕ ಕೊಡಬೇಕೆಂದು ತೀರ್ಪುಗಾರರು ಶಿಫಾರಸು ಮಾಡಿದರು. ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಅದನ್ನು ತಳ್ಳಿಹಾಕಿದನು. ಆದರೂ ಹೆಸರು ಊರೂರಿಗೆ ಹಬ್ಬಿತು. ಮುಂದೆ 1902ರಿಂದ 1908ರವರೆಗೆ ಅವರು ಹದಿನಾರನೆಯ ಶತಮಾನದ ಜರ್ಮನ್ ರೈತರ ಯುದ್ಧವನ್ನು ಕುರಿತು ಏಳು ಚಿತ್ರಗಳನ್ನು ಕೊರೆದರು. ಒಂದರಲ್ಲಿ ಸೈನಿಕರು ಕೆಡಿಸಿ ಬಿಟ್ಟುಹೋದ ರೈತ ಹೆಂಗಸು ತುಳಿದು ಹಾಳಾದ ಹಿತ್ತಿಲ ಗಿಡಗಳ ನಡುವೆ ಬಿದ್ದಿದ್ದಾಳೆ. ಇನ್ನೊಂದರಲ್ಲಿ ಇರುಳಿನ ರಣಭೂಮಿ. ಬೆನ್ನು ಬಾಗಿದ ತಾಯಿ ಕಂದೀಲಿನ ಬೆಳಕಿನಲ್ಲಿ ಹೆಣಗಳ ನಡುವೆ ಮಗನನ್ನು ಹುಡುಕುತ್ತಿದ್ದಾಳೆ. ಒಂದು ಮುಖದ ಬಳಿ ಬೆಳಕು ನಿಂತಿದೆ, ಅವಳ ಒರಟು ಕೈ ಆ ಗಲ್ಲವನ್ನು ಮುಟ್ಟಿದೆ. ರನ್ನನ ಗದಾಯುದ್ಧವನ್ನು ಓದಿದವರಿಗೆ ಹೆಣಗಳ ನಡುವೆ ನಡೆಯುವ ದುರ್ಯೋಧನನ ನೆನಪಾಗುವುದು ಸಹಜ. ಅಲ್ಲಿ ನಡೆಯುವವನು ಯುದ್ಧವನ್ನು ಬಯಸಿದ ಅರಸ. ಇಲ್ಲಿ ನಡೆಯುವವಳು ಏನನ್ನೂ ಬಯಸದಿದ್ದ ಒಕ್ಕಲಗಿತ್ತಿ.

ಇದೇ ಅವಧಿಯಲ್ಲಿ, 1903ರಲ್ಲಿ, ‘ಸತ್ತ ಮಗುವಿನೊಡನೆ ತಾಯಿ’ ಎಂಬ ಎಚ್ಚಿಂಗ್ ಸಿದ್ಧವಾಯಿತು. ಅದಕ್ಕಾಗಿ ಕೇಟೆ ಏಳು ವರ್ಷದ ಪೀಟರನನ್ನು ತೋಳಲ್ಲಿ ಹಿಡಿದು ಕನ್ನಡಿಯ ಮುಂದೆ ಕುಳಿತು ತಮ್ಮನ್ನೇ ನೋಡಿ ಬರೆದುಕೊಂಡಿದ್ದರು. ಅಂದು ಅದು ಕಲಾವಿದೆಯ ಅಭ್ಯಾಸ ಮಾತ್ರವಾಗಿತ್ತು. ಹನ್ನೊಂದು ವರ್ಷಗಳ ಅನಂತರ ಅದೇ ಚಿತ್ರಕ್ಕೆ ಬೇರೆ ಅರ್ಥ ಬಂದಿತು.

1914ರ ಆಗಸ್ಟ್‌ನಲ್ಲಿ ಮಹಾಯುದ್ಧ ಆರಂಭವಾಯಿತು. ಜರ್ಮನಿಯ ಯುವಕರು ಸಾಲುಗಟ್ಟಿ ಸೈನ್ಯ ಸೇರುತ್ತಿದ್ದರು. ಹದಿನೆಂಟು ವರ್ಷದ ಪೀಟರ್ ತಾನೂ ಹೋಗುವೆನೆಂದು ಹಟ ಹಿಡಿದನು. ಪ್ರಾಪ್ತ ವಯಸ್ಸಾಗದ ಕಾರಣ ತಂದೆಯ ಒಪ್ಪಿಗೆ ಅಗತ್ಯವಾಗಿತ್ತು, ತಂದೆ ಒಪ್ಪಲಿಲ್ಲ. ಮಗ ತಾಯಿಯ ಕಡೆ ತಿರುಗಿದನು. ಆ ಸಂಜೆ ಕೇಟೆಯವರು ಮಗನ ಪರವಾಗಿ ಗಂಡನೊಡನೆ ಮಾತಾಡಿ ಒಪ್ಪಿಗೆ ಕೊಡಿಸಿದರು. ಯೌವನದ ಉತ್ಸಾಹವನ್ನು ತಡೆಯುವುದು ತಾಯಿಗೆ ಸಲ್ಲದೆಂದು ಅವರಿಗೆ ಆಗ ತೋರಿತ್ತು. ಅಕ್ಟೋಬರ್‌ನಲ್ಲಿ ಪೀಟರನ ದಳ ಬೆಲ್ಜಿಯಂಗೆ ಹೊರಟಿತು. ಅದೇ ತಿಂಗಳು ಭಾರತೀಯ ಪಲ್ಟನ್‌ಗಳೂ ಅದೇ ಫ್ಲಾಂಡರ್ಸ್ ನೆಲದ ಕಂದಕಗಳನ್ನು ಸೇರುತ್ತಿದ್ದವು. ಅಕ್ಟೋಬರ್ 22ರ ರಾತ್ರಿ ಡಿಕ್ಸ್‌ಮೌಡೆಯ ಬಳಿ ಪೀಟರ್ ಮಡಿದನು. ಮನೆ ಬಿಟ್ಟು ಎರಡು ವಾರವೂ ಆಗಿರಲಿಲ್ಲ. ಸುದ್ದಿ ಬರ್ಲಿನ್ ತಲುಪಿದ್ದು ತಿಂಗಳ ಕೊನೆಗೆ.

ಅಂದಿನಿಂದ ಅವರ ಬದುಕು ಒಂದು ಪ್ರಶ್ನೆಯ ಸುತ್ತ ತಿರುಗಿತು. ಮಗನ ಬಲಿ ಸಾರ್ಥಕವೆಂದು ನಂಬಿದರೆ ಯುದ್ಧವನ್ನು ಒಪ್ಪಿದಂತಾಗುತ್ತಿತ್ತು. ನಿರರ್ಥಕವೆಂದರೆ ಮಗನಿಗೆ ದ್ರೋಹ ಬಗೆದಂತೆ ತೋರುತ್ತಿತ್ತು. ಈ ಇಕ್ಕಟ್ಟಿನಿಂದ ಹೊರಬರಲು ವರ್ಷಗಳೇ ಹಿಡಿದವು. ಯುದ್ಧ ಮುಂದುವರಿದಂತೆ ನಗರಗಳಿಗೂ ಅದರ ಬಿಸಿ ತಟ್ಟಿತು. ಬ್ರಿಟಿಷ್ ನೌಕಾದಳದ ದಿಗ್ಬಂಧನದಿಂದ ಧಾನ್ಯ ಕಡಿಮೆಯಾಗಿ, 1916–17ರ ಚಳಿಗಾಲದಲ್ಲಿ ಜನರು ದನದ ಮೇವಾಗಿದ್ದ ಗಡ್ಡೆಯನ್ನು ತಿಂದು ದಿನ ದೂಡಿದರು. 1918ರ ಅಕ್ಟೋಬರ್‌ನಲ್ಲಿ, ಸೋಲು ಖಚಿತವಾಗಿದ್ದಾಗ, ಕವಿ ರಿಚರ್ಡ್ ಡೇಮೆಲ್ ಕೊನೆಯ ಹೋರಾಟಕ್ಕೆ ಸ್ವಯಂಸೇವಕರನ್ನು ಕರೆದರು. ಕೇಟೆಯವರು ಪತ್ರಿಕೆಯಲ್ಲಿ ಬಹಿರಂಗವಾಗಿ ಅದಕ್ಕೆ ಉತ್ತರವಿತ್ತರು. ಸಾಯಬೇಕಾದವರು ಸಾಕಷ್ಟು ಸತ್ತಾಗಿದೆ, ಇನ್ನೊಬ್ಬನೂ ಬೀಳಕೂಡದು ಎಂಬುದು ಅದರ ತಾತ್ಪರ್ಯ. ಬಿತ್ತನೆಯ ಕಾಳನ್ನು ಬೀಸಬಾರದೆಂಬ, ಗಯಟೆಯ ಕೃತಿಯಿಂದ ಬಂದ ಮಾತನ್ನು ಅವರು ಅಲ್ಲಿ ನೆನೆದರು.

ಆ ಮಾತಿನ ಅರ್ಥವನ್ನು ಕೃಷ್ಣಾ–ವಾರಣಾ ತೀರದ ರೈತನಿಗೆ ಯಾರೂ ವಿವರಿಸಬೇಕಾಗಿಲ್ಲ. ಬಿತ್ತನೆಗೆಂದು ತೆಗೆದಿರಿಸಿದ ಜೋಳ ಬರಗಾಲದಲ್ಲಿಯೂ ಬೀಸುವ ಕಲ್ಲಿಗೆ ಹೋಗುವುದಿಲ್ಲ. ಅದನ್ನು ಉಂಡ ಮನೆಗೆ ಮುಂದಿನ ವರ್ಷದ ಹೊಲವಿಲ್ಲ.

1919ರಲ್ಲಿ ಕೇಟೆಯವರು ಪ್ರಷ್ಯಾದ ಕಲಾ ಅಕಾಡೆಮಿಗೆ ಚುನಾಯಿತರಾದ ಮೊದಲ ಮಹಿಳೆಯೆನಿಸಿದರು. ಗೌರವ ಬಂದಿತ್ತು, ಆದರೆ ಯುದ್ಧವನ್ನು ಕುರಿತ ಚಿತ್ರ ಕೈಗೂಡಿರಲಿಲ್ಲ. ತಾಮ್ರಪಟದಲ್ಲಿ ಯತ್ನಿಸಿದರು, ಕಲ್ಲಿನ ಮೇಲೆ ಯತ್ನಿಸಿದರು, ಎರಡೂ ತೃಪ್ತಿ ಕೊಡಲಿಲ್ಲ. 1920ರಲ್ಲಿ ಶಿಲ್ಪಿ ಅರ್ನ್ಸ್ಟ್ ಬಾರ್ಲಾಖ್ ಅವರ ಮರದಚ್ಚುಗಳನ್ನು ಕಂಡಾಗ ದಾರಿ ತೋರಿತು. ಮರದಚ್ಚಿನಲ್ಲಿ ಬಿಳಿಯಾಗಬೇಕಾದುದನ್ನು ಉಳಿಯಿಂದ ಕೆತ್ತಿ ತೆಗೆಯುತ್ತಾರೆ, ಉಳಿದ ಉಬ್ಬು ಕಪ್ಪಾಗಿ ಅಚ್ಚಾಗುತ್ತದೆ. ಅಲ್ಲಿ ನಯವಾದ ಛಾಯೆಗೆ ಎಡೆ ಕಡಿಮೆ. ಸಣ್ಣ ವಿವರಗಳನ್ನೆಲ್ಲ ಬಿಟ್ಟು ಮುಖ್ಯವಾದುದನ್ನಷ್ಟೇ ಉಳಿಸಿಕೊಳ್ಳಬೇಕು. ಆರು ವರ್ಷಗಳ ಶೋಕಕ್ಕೆ ಆ ಮಿತವ್ಯಯವೇ ಬೇಕಾಗಿತ್ತು.

ಹೀಗೆ 1921–22ರಲ್ಲಿ ‘ಯುದ್ಧ’ ಮಾಲೆ ರೂಪುಗೊಂಡಿತು. ‘ಬಲಿ’ ಎಂಬ ಮೊದಲ ಚಿತ್ರದಲ್ಲಿ ನಗ್ನಳಾದ ತಾಯಿ ಹಸುಗೂಸನ್ನು ಮುಂದೆ ಚಾಚಿದ್ದಾಳೆ. ಅವಳು ಮಗುವನ್ನು ಅರ್ಪಿಸುತ್ತಿದ್ದಾಳೋ ಬಿಡಲಾರದೆ ಹಿಡಿದಿದ್ದಾಳೋ ಎಂಬುದು ತೀರ್ಮಾನವಾಗುವುದಿಲ್ಲ. ‘ಸ್ವಯಂಸೇವಕರು’ ಚಿತ್ರದಲ್ಲಿ ಮೃತ್ಯು ತಮಟೆ ಬಾರಿಸುತ್ತ ಮುಂದೆ ಸಾಗಿದೆ; ಯುವಕರು ಮೈಮರೆತು ಹಿಂಬಾಲಿಸಿದ್ದಾರೆ; ಮೃತ್ಯುವಿಗೆ ಅತಿ ಸಮೀಪದಲ್ಲಿರುವವನು ಪೀಟರ್. ‘ತಂದೆತಾಯಿ’ಯಲ್ಲಿ ಮೊಣಕಾಲೂರಿದ ಇಬ್ಬರು ಒಂದೇ ಕರಿಬಂಡೆಯಂತೆ ಕೂಡಿಕೊಂಡಿದ್ದಾರೆ, ಮುಖಗಳು ಕಾಣುವುದಿಲ್ಲ. ಮೊದಲನೆಯ ವಿಧವೆ ಗರ್ಭಿಣಿ, ದುಡಿದು ದಪ್ಪವಾದ ಕೈಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದಾಳೆ. ಎರಡನೆಯ ವಿಧವೆ ಅಂಗಾತ ಬಿದ್ದಿದ್ದಾಳೆ, ಎದೆಯ ಮೇಲೆ ಕೂಸಿದೆ. ‘ತಾಯಂದಿರು’ ಒಬ್ಬರನ್ನೊಬ್ಬರು ಅಪ್ಪಿ ಮಕ್ಕಳ ಸುತ್ತ ಗೋಡೆಯಾಗಿದ್ದಾರೆ. ಕೊನೆಯ ‘ಜನ’ ಎಂಬ ಚಿತ್ರದಲ್ಲಿ ನೋವಿನಿಂದ ವಿಕಾರಗೊಂಡ ಮುಖಗಳ ನಡುವೆ ಒಬ್ಬಳು ಹೆಂಗಸು ಕಪ್ಪು ಹೊದಿಕೆಯೊಳಗೆ ಮಗುವನ್ನು ಕಾಪಾಡಿಕೊಂಡಿದ್ದಾಳೆ.

ಮರುವರ್ಷ, 1924ರಲ್ಲಿ, ಓಟೋ ಡಿಕ್ಸ್ ಅವರು ಯುದ್ಧವನ್ನು ಕುರಿತೇ 50 ಎಚ್ಚಿಂಗ್‌ಗಳನ್ನು ಪ್ರಕಟಿಸಿದರು. ಕಂದಕದಲ್ಲಿ ಹೋರಾಡಿ ಬಂದಿದ್ದ ಅವರು ಕೊಳೆತ ಹೆಣಗಳನ್ನೂ ಹರಿದ ಮುಖಗಳನ್ನೂ ತೋರಿಸಿದರು. ಕೇಟೆಯವರ ಮಾಲೆಯಲ್ಲಿ ಗಾಯಗಳಿಲ್ಲ, ಶತ್ರುವೂ ಇಲ್ಲ. ಗಂಡನನ್ನು ಕಳೆದುಕೊಂಡ ಬಸುರಿ ಯಾವ ದೇಶದವಳೆಂದು ಚಿತ್ರ ನೋಡಿ ಹೇಳಲಾಗದು. ತಪ್ಪು ಯಾರದೆಂಬ ಪ್ರಶ್ನೆಯನ್ನು ಮಾತ್ರ ಅವರು ತಪ್ಪಿಸಿಕೊಳ್ಳಲಿಲ್ಲ. ‘ಬಲಿ’ಯ ತಾಯಿಯ ಚಾಚಿದ ಕೈಗಳಲ್ಲಿ ಆ ಆಗಸ್ಟ್ ಸಂಜೆಯ ಒಪ್ಪಿಗೆಯ ನೆನಪಿದೆ. ಎಳೆಯರ ಸಾವಿನಲ್ಲಿ ಹಿರಿಯರ ಪಾಲೂ ಇದೆಯೆಂದು ಒಪ್ಪಿಕೊಂಡದ್ದೇ ಈ ಮಾಲೆಯ ನೈತಿಕ ಬಲ.

ಆ ವರ್ಷಗಳಲ್ಲಿ ಅವರ ಅಚ್ಚುಚಿತ್ರಗಳು ಬೀದಿಗೂ ಇಳಿದವು. 1920ರಲ್ಲಿ ಹಸಿದ ವಿಯೆನ್ನಾದ ಮಕ್ಕಳಿಗಾಗಿ, 1921ರಲ್ಲಿ ಕ್ಷಾಮಪೀಡಿತ ರಷ್ಯಾಕ್ಕಾಗಿ, ಅನಂತರ ಜರ್ಮನಿಯ ಮಕ್ಕಳಿಗಾಗಿ ಅವರು ಭಿತ್ತಿಪತ್ರಗಳನ್ನು ರಚಿಸಿಕೊಟ್ಟರು. ಒಂದರಲ್ಲಿ ಮಕ್ಕಳು ಖಾಲಿ ಬಟ್ಟಲುಗಳನ್ನು ಮೇಲೆತ್ತಿ ಹಿಡಿದಿದ್ದಾರೆ. ಇನ್ನೊಂದರಲ್ಲಿ ಅನ್ನ ಬೇಡುತ್ತ ಸೆರಗಿಗೆ ಜೋತುಬಿದ್ದ ಇಬ್ಬರು ಮಕ್ಕಳಿಗೆ ತಾಯಿ ಬೆನ್ನು ಮಾಡಿ ಬಾಗಿದ್ದಾಳೆ. ಕೊಡಲು ಅವಳಲ್ಲಿ ಏನೂ ಇಲ್ಲ. 1924ರಲ್ಲಿ ಯುದ್ಧ ಇನ್ನೆಂದೂ ಬೇಡವೆಂದು ಕೈಯೆತ್ತಿ ಸಾರುವ ಯುವಕನ ಚಿತ್ರ ಬಂದಿತು.

ಮಗನ ಸಮಾಧಿಗೆ ಸ್ಮಾರಕವೊಂದನ್ನು ನಿರ್ಮಿಸಬೇಕೆಂಬ ಸಂಕಲ್ಪ 1914ರಷ್ಟು ಹಳೆಯದು. ಮೊದಲ ಯೋಜನೆಯಲ್ಲಿ ಮಲಗಿದ ಪೀಟರನ ಪ್ರತಿಮೆಯಿತ್ತು. ನಡುವೆ ಕೆಲಸ ನಿಂತುಹೋಯಿತು. ಮತ್ತೆ ಕೈಗೆತ್ತಿಕೊಂಡಾಗ ಮಗನ ರೂಪವನ್ನು ಬಿಟ್ಟು ತಂದೆತಾಯಿಯರನ್ನಷ್ಟೇ ಉಳಿಸಿಕೊಂಡರು. 1932ರಲ್ಲಿ ಬೆಲ್ಜಿಯಂನ ಸೈನಿಕ ಸ್ಮಶಾನದಲ್ಲಿ ಗ್ರಾನೈಟಿನ ಆ ಎರಡು ಪ್ರತಿಮೆಗಳನ್ನು ನಿಲ್ಲಿಸಲಾಯಿತು. ಮೊಣಕಾಲೂರಿದ ತಂದೆಯ ಮುಖ ಕಾರ್ಲ್ ಅವರದು, ಬಾಗಿದ ತಾಯಿಯ ಮುಖ ಕೇಟೆಯವರದು.

ಮರುವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದನು. ನಾಜಿಗಳ ವಿರುದ್ಧ ಎಡಪಕ್ಷಗಳು ಒಂದಾಗಬೇಕೆಂಬ ಮನವಿಗೆ ಸಹಿ ಹಾಕಿದ್ದಕ್ಕಾಗಿ ಕೇಟೆಯವರು ಅಕಾಡೆಮಿಯನ್ನು ತೊರೆಯಬೇಕಾಯಿತು. ಕೃತಿಗಳು ಪ್ರದರ್ಶನದಿಂದ ಮರೆಯಾದವು. 1936ರಲ್ಲಿ ಗೆಸ್ಟಾಪೊ ಪೊಲೀಸರು ವಿಚಾರಣೆ ನಡೆಸಿ ಯಾತನಾ ಶಿಬಿರದ ಬೆದರಿಕೆ ಹಾಕಿದರು. ವೃದ್ಧ ದಂಪತಿಗಳು ಅಂದಿನಿಂದ ವಿಷವನ್ನು ಜೊತೆಗಿಟ್ಟುಕೊಂಡೇ ಬದುಕಿದರು. ದೇಶವನ್ನು ಮಾತ್ರ ಬಿಡಲಿಲ್ಲ. 1940ರಲ್ಲಿ ಕಾರ್ಲ್ ತೀರಿಕೊಂಡರು.

ಎರಡನೆಯ ಮಹಾಯುದ್ಧದ ಮೂರನೆಯ ಚಳಿಗಾಲದಲ್ಲಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ತಮ್ಮ ಕೊನೆಯ ಶಿಲಾಮುದ್ರಣವನ್ನು ರಚಿಸಿದರು. ಬಿತ್ತನೆಯ ಕಾಳಿನ ಆ ಹಳೆಯ ಮಾತೇ ಅದರ ಶೀರ್ಷಿಕೆ. ಮುದುಕಿಯೊಬ್ಬಳು ಬಲವಾದ ತೋಳುಗಳನ್ನು ಚಾಚಿ ಮೂವರು ಹುಡುಗರನ್ನು ಹೊದಿಕೆಯೊಳಗೆ ಅಡಗಿಸಿಕೊಂಡಿದ್ದಾಳೆ. ಹುಡುಗರು ತುಂಟಗಣ್ಣಿನಿಂದ ಹೊರಗೆ ಇಣುಕುತ್ತಿದ್ದಾರೆ, ಅವರಿಗೆ ಹೊರಗೆ ಹೋಗುವ ತವಕ. 1914ರಲ್ಲಿ ಸಡಿಲಗೊಂಡಿದ್ದ ಕೈ ಈ ಚಿತ್ರದಲ್ಲಿ ಬಿಗಿಯಾಗಿದೆ. ಆದರೆ ಚಿತ್ರ ಯಾರನ್ನೂ ಉಳಿಸಲಿಲ್ಲ. 1942ರ ಸೆಪ್ಟೆಂಬರ್‌ನಲ್ಲಿ ಹಾನ್ಸ್‌ನ ಮಗ, ಚಿಕ್ಕಪ್ಪನ ಹೆಸರನ್ನೇ ಹೊತ್ತಿದ್ದ ಪೀಟರ್, ರಷ್ಯಾದ ರಣರಂಗದಲ್ಲಿ ಮಡಿದನು. 1943ರ ನವೆಂಬರ್‌ನಲ್ಲಿ ವೈಸೆನ್‌ಬುರ್ಗರ್ ಬೀದಿಯ ಮನೆ ಬಾಂಬಿಗೆ ತುತ್ತಾಯಿತು. ಊರಿಂದೂರಿಗೆ ಆಶ್ರಯ ಹುಡುಕಿ ಹೋಗಿದ್ದ ಕೇಟೆಯವರು 1945ರ ಏಪ್ರಿಲ್ 22ರಂದು ಡ್ರೆಸ್ಡೆನ್ ಸಮೀಪದ ಮೊರಿಟ್ಸ್‌ಬುರ್ಗ್‌ನಲ್ಲಿ ಕಣ್ಣುಮುಚ್ಚಿದರು. ಯುರೋಪಿನಲ್ಲಿ ಯುದ್ಧ ಮುಗಿಯಲು ಇನ್ನು ಹದಿನಾರು ದಿನಗಳಿದ್ದವು.

ಅವರ ಅಚ್ಚುಚಿತ್ರಗಳು ಅವರಿಗಿಂತ ದೂರ ಪಯಣಿಸಿದ್ದವು. ಚೀನಾದಲ್ಲಿ ಲೇಖಕ ಲೂ ಷುನ್ 1936ರಲ್ಲಿ ಅವುಗಳ ಸಂಪುಟವೊಂದನ್ನು ಹೊರತಂದು ಅಲ್ಲಿನ ತರುಣ ಮರದಚ್ಚು ಕಲಾವಿದರಿಗೆ ಮಾದರಿಯಾಗಿ ಕೊಟ್ಟರು. ಭಾರತದಲ್ಲಿ, ಯುದ್ಧಕಾಲದ ದುರಾಡಳಿತದಿಂದ ಉಲ್ಬಣಿಸಿದ 1943ರ ಬಂಗಾಳದ ಕ್ಷಾಮವನ್ನು ಚಿತ್ತಪ್ರಸಾದ್ ಮಿದ್ನಾಪುರದ ಹಳ್ಳಿಗಳಲ್ಲಿ ನಡೆದಾಡಿ ಚಿತ್ರಿಸಿದರು. ಅವರ ‘ಹಸಿದ ಬಂಗಾಳ’ ಪುಸ್ತಿಕೆಯನ್ನು ಬ್ರಿಟಿಷ್ ಸರ್ಕಾರ ಜಪ್ತಿ ಮಾಡಿ ಸುಟ್ಟಿತು. ಮುಂದೆ ಮುಂಬಯಿಯಲ್ಲಿ ನೆಲೆಸಿ ಅವರು ಲಿನೋಲಿಯಂ ಹಾಳೆಯಲ್ಲಿ ಕೊರೆದ ದುಡಿಯುವ ಮಕ್ಕಳ ಚಿತ್ರಗಳಲ್ಲಿ, ಸೋಮನಾಥ ಹೋರ್ ಅವರ ಕ್ಷಾಮದ ಚಿತ್ರಗಳಲ್ಲಿ, ಕೇಟೆಯವರ ಕಪ್ಪು–ಬಿಳುಪಿನ ಬಂಧುತ್ವವನ್ನು ಕಾಣಬಹುದು.

ಕನ್ನಡನಾಡಿನ ಊರಬಾಗಿಲುಗಳಲ್ಲಿ ವೀರಗಲ್ಲುಗಳಿವೆ. ಕೆಳಗಿನ ಹಂತದಲ್ಲಿ ವೀರನು ಕಾದುತ್ತಾನೆ, ನಡುವಿನಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ, ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕುಳಿತಿದ್ದಾನೆ. ಸಹಗಮನ ಮಾಡಿದ ಹೆಂಡತಿಗೆ ಮಾಸ್ತಿಕಲ್ಲು ಉಂಟು. ಹಿಂದೆ ಉಳಿದ ತಾಯಿಗೆ ಕಲ್ಲಿಲ್ಲ. ಪೀಟರನ ಸಮಾಧಿಯೂ ಆ ಎರಡು ಪ್ರತಿಮೆಗಳೂ ಈಗ ಬೆಲ್ಜಿಯಂನ ವ್ಲಾಡ್‌ಸ್ಲೋ ಸ್ಮಶಾನದಲ್ಲಿವೆ. 25 ಸಾವಿರಕ್ಕೂ ಹೆಚ್ಚು ಜರ್ಮನ್ ಸೈನಿಕರು ಅಲ್ಲಿ ಮಣ್ಣಾಗಿದ್ದಾರೆ. ಅಲ್ಲಿ ಸ್ವರ್ಗವನ್ನು ತೋರಿಸುವ ಕೆತ್ತನೆಯಿಲ್ಲ, ಗೆಲುವಿನ ಬರಹವಿಲ್ಲ. ಮಕ್ಕಳನ್ನು ಕಳಿಸಿಕೊಟ್ಟ ಇಬ್ಬರು ಹಿರಿಯರು ಆ ಮಕ್ಕಳ ಮುಂದೆ ಮೊಣಕಾಲೂರಿ ಕುಳಿತಿದ್ದಾರೆ.